‘ಆದಾಯವನ್ನು ಸರಿಹೊಂದಿಸಿದ ನಂತರ’

ವೈದ್ಯಕೀಯ ನಿಯತಕಾಲಿಕೆಗಳನ್ನು ಓದುವ ಅಭ್ಯಾಸವಿದ್ದವರಿಗೆ ಒಂದು ವಾಕ್ಯ ಬಾಯಿಪಾಠವಾಗಿಬಿಟ್ಟಿರುತ್ತದೆ: ‘ವಯಸ್ಸು, ಲಿಂಗ, ಶಿಕ್ಷಣ ಮತ್ತು ಆದಾಯದ ಪ್ರಭಾವವನ್ನು ಸರಿಹೊಂದಿಸಿದ ನಂತರ...’ ಹೊಸ ಔಷಧ ಕೆಲಸ ಮಾಡಿತೇ, ಎರಡು ಶಸ್ತ್ರಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸುವ ಮುನ್ನ ಸಂಖ್ಯಾಶಾಸ್ತ್ರಜ್ಞರು ಮಾಡುವ ಶುದ್ಧೀಕರಣವಿದು. ಹೋಲಿಸುತ್ತಿರುವ ಎರಡು ಗುಂಪುಗಳಲ್ಲಿ ಒಂದರಲ್ಲಿ ಬಡವರು ಹೆಚ್ಚಿದ್ದರೆ ಫಲಿತಾಂಶ ದಾರಿ ತಪ್ಪುತ್ತದೆ. ಹಾಗಾಗಿ ಗಣಿತದ ಜರಡಿ ಹಿಡಿದು ಬಡತನವನ್ನು ಸೋಸಿ ಪಕ್ಕಕ್ಕಿಡುತ್ತಾರೆ. ಔಷಧದ ಗುಣವನ್ನಷ್ಟೇ ತಿಳಿಯಬೇಕಿದ್ದಾಗ ಈ ಕ್ರಮ ಸರಿಯೇ. ಆದರೆ ಜರಡಿಯಲ್ಲಿ ಉಳಿದದ್ದನ್ನು ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಎಷ್ಟೋ ಕಾಯಿಲೆಗಳಲ್ಲಿ ರೋಗಿಯ ಗತಿಯನ್ನು ನಿರ್ಧರಿಸುವುದು ಅದೇ.

ಬಡತನಕ್ಕೂ ಕಾಯಿಲೆಗೂ ನಂಟಿದೆ ಎನ್ನುವುದಕ್ಕೆ ಪುರಾವೆಯ ಕೊರತೆ ಎಂದೂ ಇರಲಿಲ್ಲ. 1848ರಲ್ಲಿ ಪ್ರಷ್ಯಾ ಸರ್ಕಾರ ಅಪ್ಪರ್ ಸೈಲೀಷಿಯಾ ಪ್ರಾಂತ್ಯದ ಟೈಫಸ್ ಪಿಡುಗಿನ ತನಿಖೆಗೆ ಕಳುಹಿಸಿದ ತರುಣ ವೈದ್ಯ ರುಡಾಲ್ಫ್ ವಿರ್ಕೋ, ಅಲ್ಲಿಗೆ ಬೇಕಿರುವುದು ಶಿಕ್ಷಣ, ಸ್ವಾತಂತ್ರ್ಯ ಮತ್ತು ಜೀವನೋಪಾಯ ಎಂದು ಬರೆದು ಸರ್ಕಾರಕ್ಕೆ ಮುಜುಗರ ತಂದಿದ್ದ. ಒಂದು ಶತಮಾನ ದಾಟಿ 1967ರಲ್ಲಿ ಲಂಡನ್ನಿನಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಇದೇ ಮಾತಿಗೆ ಇನ್ನೊಂದು ತಿರುವು ಕೊಟ್ಟಿತು. ಸುಮಾರು 18,000 ಪುರುಷ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವದು. ಅವರಲ್ಲಿ ಯಾರೂ ನಿರ್ಗತಿಕರಲ್ಲ. ಎಲ್ಲರಿಗೂ ತಿಂಗಳ ಸಂಬಳವಿತ್ತು, ಎಲ್ಲರಿಗೂ ರಾಷ್ಟ್ರೀಯ ಆರೋಗ್ಯ ಸೇವೆಯ ಉಚಿತ ಚಿಕಿತ್ಸೆಯಿತ್ತು. ಆದರೂ ಹೃದಯಾಘಾತದಿಂದ ಸಾಯುವ ಸಾಧ್ಯತೆ ಅತ್ಯಂತ ಕೆಳಗಿನ ದರ್ಜೆಯವರಲ್ಲಿ ಅತ್ಯಂತ ಮೇಲಿನ ದರ್ಜೆಯ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರದ ಒಂದು ಭಾಗವಷ್ಟೇ ಅರ್ಥವಾಯಿತು. ಇನ್ನೂ ಗಮನಾರ್ಹವಾದ ಸಂಗತಿ ಎಂದರೆ, ಬಡವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ ಎಂಬ ಗೆರೆಯೇ ಅಲ್ಲಿ ಕಾಣಲಿಲ್ಲ. ಕಂಡದ್ದು ಮೆಟ್ಟಿಲು. ಒಂದೊಂದು ದರ್ಜೆ ಇಳಿದಂತೆ ಒಂದಿಷ್ಟು ಅಪಾಯ ಏರುತ್ತಿತ್ತು.

ಇದು ಕಾಯಿಲೆ ಬರುವ ಕಥೆ. ಬಂದ ಮೇಲೆ ಚಿಕಿತ್ಸೆ ಸಿಗುವ ಕಥೆ ಬೇರೆ. ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನು ‘ವಿಲೋಮ ಆರೈಕೆಯ ನಿಯಮ’ ಎಂದು ಕರೆದರು: ಒಳ್ಳೆಯ ವೈದ್ಯಕೀಯ ಆರೈಕೆ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಕಡಿಮೆ ಸಿಗುತ್ತದೆ. ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬ ನಮ್ಮ ಗಾದೆಯನ್ನು ಆರೋಗ್ಯ ವ್ಯವಸ್ಥೆಗೆ ಅನ್ವಯಿಸಿದರೆ ಸಿಗುವ ನಿಯಮ ಇದೇ.

ಈ ನಿಯಮದ ಕಟುವಾದ ಮುಖ ಕಾಣುವುದು ವಿಜ್ಞಾನ ಗೆದ್ದ ಹೊತ್ತಿನಲ್ಲಿ. ಅಮೆರಿಕದ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಬರುವ ಮೊದಲು ಹೆಚ್ಚು ಕೊಲೆಸ್ಟರಾಲ್ ಇದ್ದದ್ದು ಶ್ರೀಮಂತರಿಗೆ. ಮಾತ್ರೆ ಬಂದು ಬಳಕೆಗೆ ಹರಡಿದ ಮೇಲೆ ಚಿತ್ರ ತಿರುಗಿಬಿತ್ತು. ಉಳ್ಳವರ ಕೊಲೆಸ್ಟರಾಲ್ ಬೇಗ ಇಳಿಯಿತು, ಇಲ್ಲದವರದು ಹಿಂದೆ ಬಿತ್ತು. ಶ್ರೀಮಂತರ ತೊಂದರೆಯಾಗಿದ್ದದ್ದು ಬಡವರ ತೊಂದರೆಯಾಯಿತು. ಬ್ರೂಸ್ ಲಿಂಕ್ ಮತ್ತು ಜೋ ಫೆಲನ್ ಎಂಬ ಸಮಾಜಶಾಸ್ತ್ರಜ್ಞರು 1995ರಲ್ಲಿ ಇಟ್ಟ ವಾದ ಇದನ್ನು ಚೆನ್ನಾಗಿ ವಿವರಿಸುತ್ತದೆ: ಹಣ, ತಿಳಿವಳಿಕೆ, ಪರಿಚಯ, ಪ್ರಭಾವ ಇವು ಎಲ್ಲ ಕಾಲಕ್ಕೂ ಎಲ್ಲ ರೋಗಕ್ಕೂ ಒದಗುವ ಬಂಡವಾಳ. ಒಂದು ಕಾಯಿಲೆಗೆ ಮದ್ದು ಸಿಕ್ಕಿದ ಕ್ಷಣವೇ ಅದನ್ನು ಮೊದಲು ಕೈಗೆ ಹಾಕಿಕೊಳ್ಳುವವರು ಯಾರೆಂಬುದು ಈ ಬಂಡವಾಳದಿಂದಲೇ ನಿರ್ಧಾರವಾಗಿರುತ್ತದೆ.

ಹಾಗಾದರೆ ಆ ಮದ್ದನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಬಡವರಿದ್ದರೇ? ಇರುತ್ತಾರೆ, ಕಡಿಮೆ. ಅಮೆರಿಕದ ಕ್ಯಾನ್ಸರ್ ರೋಗಿಗಳ ಅಧ್ಯಯನಗಳಲ್ಲಿ ಕಡಿಮೆ ಆದಾಯದವರು ಪ್ರಯೋಗಗಳಿಗೆ ಸೇರುವ ಸಾಧ್ಯತೆ ಸುಮಾರು ಶೇಕಡಾ 30ರಷ್ಟು ಕಡಿಮೆ ಎಂದು ಕಂಡುಬಂದಿದೆ. ಯಾರೂ ಅವರನ್ನು ಬಾಗಿಲಲ್ಲಿ ತಡೆಯುವುದಿಲ್ಲ. ನಿಯಮಾವಳಿಯೇ ಆ ಕೆಲಸ ಮಾಡುತ್ತದೆ: ಖಾಯಂ ವಿಳಾಸ ಇರಬೇಕು, ಫೋನಿನಲ್ಲಿ ಸಿಗಬೇಕು, ಎರಡು ವಾರಕ್ಕೊಮ್ಮೆ ಬಂದು ಹೋಗುವಂತಿರಬೇಕು, ಬೇರೆ ಗಂಭೀರ ಕಾಯಿಲೆ ಇರಬಾರದು. ಒಂದೊಂದೂ ನ್ಯಾಯವಾಗಿಯೇ ಕಾಣುವ ಷರತ್ತು. ಎಲ್ಲವನ್ನೂ ಸೇರಿಸಿ ನೋಡಿದರೆ, ದಿನಗೂಲಿ ಬಿಟ್ಟು ಬರಲಾಗದವರು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವವರು, ಒಟ್ಟಿಗೆ ಮೂರು ಕಾಯಿಲೆ ಹೊತ್ತವರು ಹೊರಗುಳಿದಿರುತ್ತಾರೆ. ಆಮೇಲೆ ಅದೇ ಔಷಧವನ್ನು ಅವರಿಗೂ ಬರೆದುಕೊಡುತ್ತೇವೆ.

ಪ್ರಯೋಗಕ್ಕೆ ಸೇರಿದವರೂ ನಡುವೆ ಕಳೆದುಹೋಗುತ್ತಾರೆ. ಇಲ್ಲಿ ಪದಗಳ ಕಡೆಗೆ ಸ್ವಲ್ಪ ಗಮನ ಕೊಡಬೇಕು. ಕ್ಷಯದ ಚಿಕಿತ್ಸೆಯನ್ನು ನಡುವೆ ಬಿಟ್ಟವರನ್ನು ದಾಖಲೆಗಳು ದಶಕಗಳ ಕಾಲ ‘ಡಿಫಾಲ್ಟರ್’ ಎಂದು ಕರೆದವು. ಸಾಲ ಕಟ್ಟದೆ ತಲೆಮರೆಸಿಕೊಂಡವರಿಗೆ ಬಳಸುವ ಪದ! ವಿಶ್ವ ಆರೋಗ್ಯ ಸಂಸ್ಥೆ 2013ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟು, ‘ಅನುಸರಣೆಯಿಂದ ತಪ್ಪಿಹೋದವರು’ ಎಂಬ ಅರ್ಥದ ಪದವನ್ನು ತಂದಿತು. ಹೆಸರು ಬದಲಾದರೆ ರೋಗಿಯ ಬದುಕೇನೂ ಬದಲಾಗದು, ನಿಜ. ಆದರೆ ಹುಡುಕುವ ಹೊಣೆ ಯಾರದೆಂಬುದು ಬದಲಾಗುತ್ತದೆ. ಸ್ಕಾಟ್ಲೆಂಡಿನ ಸಂಶೋಧಕರು ಲಕ್ಷಾಂತರ ಜನರ ದಾಖಲೆ ಜಾಲಾಡಿ, ವೈದ್ಯರ ಭೇಟಿಯನ್ನು ಪದೇಪದೇ ತಪ್ಪಿಸಿಕೊಳ್ಳುವವರಲ್ಲಿ ಸಾವಿನ ಅಪಾಯ ಗಣನೀಯವಾಗಿ ಹೆಚ್ಚಿರುವುದನ್ನು ತೋರಿಸಿದರು. ದೀರ್ಘಕಾಲದ ಮಾನಸಿಕ ಕಾಯಿಲೆಯಿದ್ದು, ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಭೇಟಿ ತಪ್ಪಿಸಿದವರಲ್ಲಿ ಅದು ಒಂದೂ ಭೇಟಿ ತಪ್ಪಿಸದವರಿಗಿಂತ ಎಂಟು ಪಟ್ಟಿಗೂ ಮಿಗಿಲಾಗಿತ್ತು. ಬಾರದ ರೋಗಿಯನ್ನು ಬೇಜವಾಬ್ದಾರಿ ಎಂದು ಪಟ್ಟಿಯಿಂದ ಹೊಡೆದುಹಾಕುವ ಚಿಕಿತ್ಸಾಲಯ ನಿಜವಾಗಿ ಹೊಡೆದುಹಾಕುತ್ತಿರುವುದು ಅತಿ ಹೆಚ್ಚು ಅಪಾಯದಲ್ಲಿರುವವರನ್ನು.

ಗೈರುಹಾಜರಿಯನ್ನು ತಪ್ಪಾಗಿ ಓದುವುದರಲ್ಲಿ ಯಂತ್ರಗಳೂ ಹಿಂದೆ ಬಿದ್ದಿಲ್ಲ. ಹೆಚ್ಚುವರಿ ಆರೈಕೆ ಯಾರಿಗೆ ಬೇಕೆಂದು ಗುರುತಿಸಲು ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಅಲ್ಗಾರಿದಂ ಅನ್ನು ಜಿಯಾದ್ ಒಬರ್ಮೆಯರ್ ಮತ್ತು ಸಂಗಡಿಗರು ಬಿಚ್ಚಿ ನೋಡಿ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ರೋಗಿಯ ಮೇಲೆ ಮುಂದೆ ಎಷ್ಟು ಖರ್ಚಾಗಬಹುದು ಎಂಬುದನ್ನೇ ಅದು ಕಾಯಿಲೆಯ ಅಳತೆಗೋಲು ಮಾಡಿಕೊಂಡಿತ್ತು. ಆಸ್ಪತ್ರೆಗೆ ಬರಲಾಗದವರ ಮೇಲೆ, ಅಮೆರಿಕದಲ್ಲಿ ಹೆಚ್ಚಾಗಿ ಬಡವರು ಮತ್ತು ಕಪ್ಪುವರ್ಣೀಯರ ಮೇಲೆ, ಖರ್ಚು ಕಡಿಮೆಯಾಗಿರುತ್ತದೆ. ಖರ್ಚು ಕಡಿಮೆಯಾದ್ದರಿಂದ ಅವರು ಆರೋಗ್ಯವಂತರು ಎಂದು ಯಂತ್ರದ ತೀರ್ಪು. ಈ ದೋಷವನ್ನು ತಿದ್ದಿದರೆ ಹೆಚ್ಚುವರಿ ನೆರವಿಗೆ ಆಯ್ಕೆಯಾಗುವವರಲ್ಲಿ ಕಪ್ಪುವರ್ಣೀಯರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತದೆ ಎಂದು ಅವರು ಲೆಕ್ಕ ಹಾಕಿದರು. ಯಂತ್ರಕ್ಕೆ ಜನಾಂಗದ ಮಾಹಿತಿಯನ್ನು ಕೊಟ್ಟಿರಲೇ ಇಲ್ಲ ಎಂಬುದನ್ನು ಮರೆಯಬಾರದು. ಕೊರತೆ ಖರ್ಚಿನ ಅಂಕಿಯೊಳಗೇ ಅಡಗಿ ಕುಳಿತಿತ್ತು.

ಹಾಗೆಂದು ಬಡತನವನ್ನು ಲೆಕ್ಕಕ್ಕೆ ತಂದುಬಿಟ್ಟರೆ ಎಲ್ಲ ಸರಿಯಾಗುತ್ತದೆಯೇ? ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯ ನಾಗರಿಕರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇರ್ 2012ರ ಅಕ್ಟೋಬರ್‌ನಿಂದ, ಬಿಡುಗಡೆಯಾದ 30 ದಿನಗಳೊಳಗೆ ಮತ್ತೆ ದಾಖಲಾಗುವ ರೋಗಿಗಳು ಅತಿಯಾಗಿರುವ ಆಸ್ಪತ್ರೆಗಳಿಗೆ ದಂಡ ಹಾಕತೊಡಗಿತು. ಬಡವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳೇ ಹೆಚ್ಚು ದಂಡ ತೆತ್ತವು. ಮನೆಗೆ ಹೋದ ರೋಗಿಗೆ ಮಾತ್ರೆ ಕೊಳ್ಳಲು ಹಣವಿಲ್ಲ, ನೋಡಿಕೊಳ್ಳಲು ಜನವಿಲ್ಲ ಎಂದರೆ ಆಸ್ಪತ್ರೆ ಏನು ಮಾಡೀತು ಎಂಬುದು ಒಂದು ವಾದ. ಬಡವರ ಪಾಲನ್ನು ಸರಿಹೊಂದಿಸಿ ಅಂಕ ಕೊಟ್ಟರೆ, ಬಡವರಿಗೆ ಕಳಪೆ ಆರೈಕೆ ಸಿಕ್ಕರೂ ನಡೆಯುತ್ತದೆ ಎಂದು ಮುದ್ರೆ ಒತ್ತಿದಂತಾಗುತ್ತದೆ ಎಂಬುದು ಇನ್ನೊಂದು ವಾದ. ಎರಡರಲ್ಲೂ ಹುರುಳಿದೆ. ಕೊನೆಗೆ 2016ರ ಕಾನೂನಿನಂತೆ, 2019ರ ಹಣಕಾಸು ವರ್ಷದಿಂದ, ಬಡ ರೋಗಿಗಳ ಪಾಲು ಹೆಚ್ಚುಕಡಿಮೆ ಸಮವಿರುವ ಆಸ್ಪತ್ರೆಗಳನ್ನು ಪರಸ್ಪರ ಹೋಲಿಸುವ ನಡುದಾರಿ ಹಿಡಿದರು. ಒಪ್ಪಬಹುದಾದ ರಾಜಿ. ಆದರೆ ಎರಡನೆಯ ವಾದಕ್ಕೆ ಇದರಲ್ಲಿ ಉತ್ತರವಿಲ್ಲ.

ಅಳತೆಯ ಮಾತು ಸಾಕು. ಬಡತನವನ್ನು ಜರಡಿಯಲ್ಲಿ ಬಿಡದೆ ಕೈಗೆತ್ತಿಕೊಂಡು, ಔಷಧವನ್ನು ಪರೀಕ್ಷಿಸಿದ ಹಾಗೆ ಅದರ ಪರಿಹಾರವನ್ನೂ ಪರೀಕ್ಷಿಸಿದರೆ ಏನಾಗುತ್ತದೆ? ಈ ಬಗೆಯ ಪ್ರಯೋಗಗಳು ವಿರಳವಾದರೂ ಇವೆ. ಅವು ಕೊಟ್ಟ ಉತ್ತರಗಳು ಒಳ್ಳೆಯ ಮನಸ್ಸಿನವರನ್ನೂ ಬಜೆಟ್ ಕತ್ತರಿಸುವವರನ್ನೂ ಒಂದೇ ರೀತಿ ಕಾಡುವಂಥವು.

ಮೊದಲು ಹಣದ ಅಡ್ಡಿ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಸಾವಿರಾರು ಜನರಿಗೆ ಲಾಟರಿ ಎತ್ತಿದ ಹಾಗೆ ಬೇರೆ ಬೇರೆ ವಿಮೆಗಳನ್ನು ಹಂಚಿತು. ಕೆಲವರಿಗೆ ಎಲ್ಲವೂ ಉಚಿತ, ಉಳಿದವರು ಖರ್ಚಿನ ಒಂದು ಪಾಲು ಕೊಡಬೇಕು. ಜೇಬಿನಿಂದ ಕೊಡಬೇಕಾದವರು ಅನಗತ್ಯ ಚಿಕಿತ್ಸೆಯನ್ನು ಬಿಟ್ಟರು, ಅಗತ್ಯ ಚಿಕಿತ್ಸೆಯನ್ನೂ ಅಷ್ಟೇ ಪ್ರಮಾಣದಲ್ಲಿ ಬಿಟ್ಟರು. ಸರಾಸರಿ ವ್ಯಕ್ತಿಯ ಆರೋಗ್ಯಕ್ಕೆ ಇದರಿಂದ ಹೆಚ್ಚೇನೂ ಧಕ್ಕೆಯಾಗಲಿಲ್ಲ. ಬಡವರೂ ಆಗಿದ್ದು ರಕ್ತದೊತ್ತಡವೂ ಇದ್ದವರಿಗೆ ಮಾತ್ರ ಉಚಿತ ಚಿಕಿತ್ಸೆಯ ಗುಂಪಿನಲ್ಲಿ ಸ್ಪಷ್ಟವಾದ ಅನುಕೂಲವಾಯಿತು. ಈ ಅಧ್ಯಯನವನ್ನು ಉದ್ಧರಿಸುವವರು ಮೊದಲ ಭಾಗವನ್ನು ಹೇಳಿ ಎರಡನೆಯದನ್ನು ನುಂಗಿಬಿಡುವುದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

2008ರಲ್ಲಿ ಅಮೆರಿಕದ ಆರೆಗಾನ್ ರಾಜ್ಯ ಬಡವರ ಸರ್ಕಾರಿ ವಿಮೆಯಲ್ಲಿ ಸುಮಾರು 10,000 ಜನರಿಗಷ್ಟೇ ಜಾಗ ಮಾಡಿಕೊಟ್ಟಾಗ ಹೆಸರು ಬರೆಸಿದವರು ಸುಮಾರು 90,000. ಲಾಟರಿ ಎತ್ತಿದರು. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು. ಸುಮಾರು ಎರಡು ವರ್ಷಗಳ ನಂತರ ನೋಡಿದರೆ, ವಿಮೆ ಸಿಕ್ಕವರ ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆಯ ಪ್ರಮಾಣದಲ್ಲಿ ಖಚಿತವಾದ ಸುಧಾರಣೆ ಕಾಣಲಿಲ್ಲ. ಆದರೆ ಖಿನ್ನತೆಯ ಲಕ್ಷಣಗಳಿದ್ದವರ ಪ್ರಮಾಣ ಶೇಕಡಾವಾರು ಲೆಕ್ಕದಲ್ಲಿ ಸುಮಾರು 9 ಅಂಶ ಇಳಿಯಿತು. ಚಿಕಿತ್ಸೆಯ ಖರ್ಚಿನಿಂದ ಮನೆ ಮುಳುಗುವುದು ಬಹುತೇಕ ನಿಂತೇಹೋಯಿತು. ‘ವಿಮೆ ವಿಫಲ’ ಎಂದರು ಕೆಲವರು. ಸಾಲದ ಭಯವಿಲ್ಲದೆ ನಿದ್ದೆ ಮಾಡುವುದು ಆರೋಗ್ಯವಲ್ಲ ಎಂದು ಮೊದಲೇ ತೀರ್ಮಾನಿಸಿಕೊಂಡವರು ಮಾತ್ರ ಹೇಳಬಹುದಾದ ಮಾತದು.

ಹೃದಯಾಘಾತವಾದವರಿಗೆ ಔಷಧವನ್ನು ಪೂರ್ತಿ ಉಚಿತವಾಗಿ ಕೊಟ್ಟ ಪ್ರಯೋಗವೂ ಇದೆ. 2011ರಲ್ಲಿ ಪ್ರಕಟವಾದ ಅದರಲ್ಲಿ 5,855 ರೋಗಿಗಳಿದ್ದರು. ಉಚಿತವಾಗಿ ಸಿಕ್ಕವರಲ್ಲಿ ಔಷಧವನ್ನು ಬಿಡದೆ ತೆಗೆದುಕೊಳ್ಳುವವರ ಪ್ರಮಾಣ ಹೆಚ್ಚಾಯಿತು, ಕೇವಲ 4ರಿಂದ 6 ಅಂಶ. ಬೆಲೆ ಸೊನ್ನೆಯಾದರೂ ಅರ್ಧದಷ್ಟು ಜನ ಮಾತ್ರೆಯನ್ನು ಸರಿಯಾಗಿ ನುಂಗುತ್ತಿರಲಿಲ್ಲ. ಬೆಲೆ ಎನ್ನುವುದು ಹಲವು ಅಡ್ಡಗೋಡೆಗಳಲ್ಲಿ ಒಂದು ಮಾತ್ರ.

ಉಳಿದ ಗೋಡೆಗಳನ್ನೂ ಕೆಡವಲು ಹೊರಟದ್ದು ನ್ಯೂಜೆರ್ಸಿಯ ಕ್ಯಾಮ್ಡೆನ್ ನಗರದ ಪ್ರಯತ್ನ. ಪದೇಪದೇ ಆಸ್ಪತ್ರೆ ಸೇರುವ, ಬಡತನ, ಒಂಟಿತನ, ವ್ಯಸನಗಳ ಸುಳಿಯಲ್ಲಿ ಸಿಕ್ಕ ರೋಗಿಗಳ ಮನೆಗೆ ದಾದಿಯರು ಮತ್ತು ಸಮಾಜ ಕಾರ್ಯಕರ್ತರು ಹೋಗಿ, ಔಷಧದಿಂದ ಹಿಡಿದು ಸರ್ಕಾರಿ ಅರ್ಜಿಯವರೆಗೆ ಎಲ್ಲಕ್ಕೂ ನೆರವಾಗುತ್ತಿದ್ದರು. ಈ ತಂಡದ ನೆರವು ಸಿಕ್ಕ ಮೇಲೆ ರೋಗಿಗಳ ಆಸ್ಪತ್ರೆ ವಾಸ ಗಣನೀಯವಾಗಿ ಇಳಿಯುತ್ತಿತ್ತು, ದೇಶವೆಲ್ಲ ಕೊಂಡಾಡಿತು. ಆ ಸಂಸ್ಥೆಯ ಧೈರ್ಯವನ್ನು ಮೆಚ್ಚಬೇಕು, ತನ್ನ ಕೆಲಸವನ್ನು ಯಾದೃಚ್ಛಿಕ ಪ್ರಯೋಗಕ್ಕೆ ಒಡ್ಡಿಕೊಂಡಿತು. 800 ರೋಗಿಗಳನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿ 180 ದಿನ ನೋಡಿದರು. ಫಲಿತಾಂಶ 2020ರಲ್ಲಿ ಬಂತು: ನೆರವು ಪಡೆದವರಲ್ಲಿ ಶೇಕಡಾ 62.3 ಜನ ಮತ್ತೆ ಆಸ್ಪತ್ರೆ ಸೇರಿದ್ದರು, ಪಡೆಯದವರಲ್ಲಿ ಶೇಕಡಾ 61.7.

ಹಾಗಾದರೆ ಮೊದಲು ಕಂಡ ಇಳಿಕೆ ಸುಳ್ಳೇ? ಅಲ್ಲ. ಇಳಿಕೆ ನಿಜವಾಗಿಯೂ ಆಗಿತ್ತು, ಎರಡೂ ಗುಂಪುಗಳಲ್ಲಿ. ತಮ್ಮ ಬದುಕಿನ ಅತ್ಯಂತ ಕೆಟ್ಟ ಘಟ್ಟದಲ್ಲಿರುವವರನ್ನೇ ಹುಡುಕಿ ಸೇರಿಸಿಕೊಂಡರೆ, ಅವರ ಮುಂದಿನ ಆರು ತಿಂಗಳು ಹಿಂದಿನ ಆರು ತಿಂಗಳಿಗಿಂತ ಸರಾಸರಿಯಲ್ಲಿ ಸುಧಾರಿಸಿಯೇ ಇರುತ್ತದೆ, ಯಾರೂ ಏನೂ ಮಾಡದಿದ್ದರೂ. ಜ್ವರ ನೆತ್ತಿಗೇರಿದಾಗ ಕೊಟ್ಟ ನೀರೂ ಮದ್ದಿನಂತೆ ಕಾಣುತ್ತದೆ. ಬಡವರಿಗಾಗಿ ನಡೆಯುವ ಎಷ್ಟೋ ಕಾರ್ಯಕ್ರಮಗಳ ಯಶೋಗಾಥೆ ‘ಮೊದಲು ಹೀಗಿತ್ತು, ಈಗ ಹೀಗಿದೆ’ ಎಂಬ ಎರಡು ಅಂಕಿಗಳ ಮೇಲೆ ನಿಂತಿದೆ. ಹೋಲಿಕೆಯ ಗುಂಪಿಲ್ಲದ ಅಂಥ ಅಂಕಿಗಳನ್ನು ನಾನು ಈಗ ನಂಬುವುದಿಲ್ಲ, ಅವು ನನ್ನ ಮನಸ್ಸಿಗೆ ಹಿಡಿಸುವ ಕಾರ್ಯಕ್ರಮದ ಅಂಕಿಗಳಾದರೂ.

ಇದೇ ಪಾಠ ಆಹಾರದಲ್ಲೂ ಮರುಕಳಿಸಿತು. ಮಧುಮೇಹ ಹತೋಟಿ ತಪ್ಪಿದ, ಮನೆಯಲ್ಲಿ ಆಹಾರದ ಕೊರತೆಯೂ ಇದ್ದ ಅಮೆರಿಕನ್ನರಿಗೆ ವಾರಕ್ಕೆ 10 ಊಟಗಳಿಗಾಗುವಷ್ಟು ಆರೋಗ್ಯಕರ ಆಹಾರವನ್ನು ಮನೆಮಂದಿಗೂ ಸೇರಿಸಿ ಕೊಟ್ಟು, ಆಹಾರತಜ್ಞರ ಸಲಹೆಯನ್ನೂ ಕೊಟ್ಟ ಪ್ರಯೋಗವೊಂದರ ಫಲಿತಾಂಶ 2023ರ ಕೊನೆಯಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ, ಕಳೆದ ಎರಡು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಮಟ್ಟ ಆಹಾರ ಪಡೆದವರಲ್ಲಿ 1.5 ಅಂಶ ಇಳಿಯಿತು. ಪಡೆಯದವರಲ್ಲಿ 1.3. ವ್ಯತ್ಯಾಸ ನಗಣ್ಯ. ಸಕ್ಕರೆಯ ಮಟ್ಟ ಎತ್ತರದಲ್ಲಿದ್ದವರನ್ನೇ ಆರಿಸಿದ್ದರಿಂದ ಇಬ್ಬರದೂ ಇಳಿಯುವುದು ನಿರೀಕ್ಷಿತವೇ ಆಗಿತ್ತು.

ಹಾಗಾದರೆ ಊಟದಿಂದ ಪ್ರಯೋಜನವಿಲ್ಲ ಎಂದು ಬರೆದು ಮುಗಿಸೋಣವೇ? ಇಲ್ಲಿ ಕ್ಷಯದ ಕಥೆಯನ್ನು ಹೇಳಲೇಬೇಕು.

1956ರಲ್ಲಿ ಮದ್ರಾಸಿನ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದಲ್ಲಿ ಒಂದು ಪ್ರಯೋಗ ಶುರುವಾಯಿತು. ಆಗ ಕ್ಷಯ ಎಂದರೆ ಸ್ಯಾನಟೋರಿಯಂ: ತಿಂಗಳುಗಟ್ಟಲೆ ಹಾಸಿಗೆ, ವಿಶ್ರಾಂತಿ, ಪುಷ್ಟಿಕರ ಆಹಾರ, ಒಳ್ಳೆಯ ಗಾಳಿ. ಬಡ ರಾಷ್ಟ್ರಗಳಿಗೆ ಅಷ್ಟು ಹಾಸಿಗೆ ಎಲ್ಲಿಂದ ಬರಬೇಕು? 193 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಂಗೆ, ಇನ್ನೊಂದನ್ನು ಅವರವರ ಇಕ್ಕಟ್ಟಾದ ಮನೆಗಳಿಗೆ ಕಳುಹಿಸಿದರು. ಇಬ್ಬರಿಗೂ ಅದೇ ಮಾತ್ರೆ, ಒಂದು ವರ್ಷ. ಸ್ಯಾನಟೋರಿಯಂನವರು ಚೆನ್ನಾಗಿ ಉಂಡರು, ತೂಕವನ್ನೂ ಹೆಚ್ಚಿಸಿಕೊಂಡರು. ಆದರೆ ಗುಣವಾಗುವುದರಲ್ಲಿ ಮನೆಯವರು ಹೇಳಿಕೊಳ್ಳುವಷ್ಟು ಹಿಂದೆ ಬೀಳಲಿಲ್ಲ. ಅವರ ಮನೆಮಂದಿಗೆ ರೋಗ ತಗಲುವುದೂ ಹೆಚ್ಚಾಗಲಿಲ್ಲ. 1959ರಲ್ಲಿ ವರದಿ ಬಂದ ಮೇಲೆ ಪ್ರಪಂಚದಾದ್ಯಂತ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದವು. ಬಡವರ ಪರವಾಗಿ ವೈದ್ಯಕೀಯ ಪ್ರಯೋಗವೊಂದು ಗಳಿಸಿದ ದೊಡ್ಡ ಗೆಲುವದು. ದುಡಿಯುವ ಮನುಷ್ಯ ಸಂಸಾರದಿಂದ ದೂರವಾಗದೆ ಗುಣವಾಗಬಹುದು ಎಂದಾಯಿತು.

ಆ ಪ್ರಯೋಗ ಕೇಳಿದ್ದು, ಗುಣವಾಗಲು ಆಸ್ಪತ್ರೆಯ ಹಾಸಿಗೆ ಬೇಕೇ ಎಂದು. ಬೇಡ ಎಂಬ ಉತ್ತರ ಸರಿಯಾಗಿಯೇ ಇತ್ತು. ಮುಂದಿನ ದಶಕಗಳು ಅದನ್ನು ಕೇಳಿಸಿಕೊಂಡದ್ದು ಬೇರೆ ರೀತಿ: ಕ್ಷಯಕ್ಕೆ ಮಾತ್ರೆ ಸಾಕು, ಅನ್ನದ ಗೊಡವೆ ಬೇಡ.

ಆ ಗೊಡವೆಯನ್ನು ಮತ್ತೆ ಕೈಗೆತ್ತಿಕೊಂಡದ್ದು ಜಾರ್ಖಂಡಿನಲ್ಲಿ 2019ರಲ್ಲಿ ಆರಂಭವಾದ ‘ರೇಷನ್ಸ್’ ಪ್ರಯೋಗ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಇದರ ಮುಂಚೂಣಿಯಲ್ಲಿದ್ದರು. 2,800 ರೋಗಿಗಳು, ಅವರ ಮನೆಗಳಲ್ಲಿನ 10,345 ಜನ. ರೋಗಿಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಅಪೌಷ್ಟಿಕರಾಗಿದ್ದರು. ಎಲ್ಲ ರೋಗಿಗಳಿಗೂ ತಿಂಗಳಿಗೆ 10 ಕಿಲೋ ಆಹಾರದ ಬುಟ್ಟಿ ಕೊಟ್ಟರು. ಹಸಿದ ರೋಗಿಗೆ ಅನ್ನ ತಪ್ಪಿಸಿ ಅಧ್ಯಯನ ಮಾಡುವುದು ಅಧರ್ಮ ಎಂಬ ಅಂಜಿಕೆ ಈ ವಿನ್ಯಾಸದಲ್ಲೇ ಕಾಣುತ್ತದೆ. ವ್ಯತ್ಯಾಸ ಇಟ್ಟದ್ದು ಮನೆಮಂದಿಯ ವಿಷಯದಲ್ಲಿ: ಕೆಲವು ವಲಯಗಳಲ್ಲಿ ಅವರಿಗೂ ಅಕ್ಕಿ, ಬೇಳೆ, ಪೋಷಕಾಂಶದ ಮಾತ್ರೆ ಸಿಕ್ಕವು, ಉಳಿದ ಕಡೆ ಇಲ್ಲ.

2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶದಂತೆ, ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಇತರರಿಗೆ ಹರಡಬಲ್ಲ ಶ್ವಾಸಕೋಶದ ಕ್ಷಯ ಶೇಕಡಾ 48ರಷ್ಟು. ಒಂದು ಲಸಿಕೆ ಇಷ್ಟು ಮಾಡಿದ್ದರೆ ಮುಖಪುಟದ ಸುದ್ದಿಯಾಗುತ್ತಿತ್ತು. ಹೋಲಿಕೆಯ ಗುಂಪಿನ ಮನೆಗಳಿಗೂ ರೋಗಿಯ ಬುಟ್ಟಿ ಹೋಗುತ್ತಿತ್ತು ಎಂಬುದನ್ನು ನೆನೆದರೆ ನಿಜವಾದ ಪರಿಣಾಮ ಇನ್ನೂ ದೊಡ್ಡದಿರಬಹುದು ಎನಿಸುತ್ತದೆ. ಒಬ್ಬನಿಗೆಂದು ಕೊಟ್ಟ ಅಕ್ಕಿಯನ್ನು ಅವನೊಬ್ಬನೇ ಉಣ್ಣುವ ಮನೆ ಯಾವುದಿದೆ?

ಅಮೆರಿಕದ ಮಧುಮೇಹಿಗಳಲ್ಲಿ ಕಾಣದ ಪರಿಣಾಮ ಇಲ್ಲಿ ಹೇಗೆ ಕಂಡಿತು? ಆಹಾರ ಎಂಬ ಹೆಸರೊಂದೇ, ಕೆಲಸ ಬೇರೆ. ಕ್ಷಯದಲ್ಲಿ ಹಸಿವು ರೋಗದ ಬೇರಿನಲ್ಲೇ ಇದೆ. ದೇಹದೊಳಗೆ ಮಲಗಿರುವ ರೋಗಾಣು ಏಳುವುದು ರೋಗನಿರೋಧಕ ಶಕ್ತಿ ಕುಂದಿದಾಗ, ಅದನ್ನು ಕುಂದಿಸುವ ಕಾರಣಗಳಲ್ಲಿ ಅಪೌಷ್ಟಿಕತೆ ಅಗ್ರಗಣ್ಯ. ವರ್ಷಗಟ್ಟಲೆ ಬೆಳೆದ, ಔಷಧ, ತೂಕ, ದುಡಿಮೆಯ ವೇಳೆ, ಒತ್ತಡ ಎಲ್ಲವೂ ಹೆಣೆದುಕೊಂಡ ಮಧುಮೇಹದಲ್ಲಿ ವಾರಕ್ಕೆ 10 ಊಟ ಒಂದು ಎಳೆಯನ್ನಷ್ಟೇ ಎಳೆಯುತ್ತದೆ. ‘ಸಾಮಾಜಿಕ ನೆರವು ಕೆಲಸ ಮಾಡುತ್ತದೆಯೇ’ ಎಂದು ಒಟ್ಟಾರೆಯಾಗಿ ಕೇಳುವುದು ‘ಮಾತ್ರೆ ಕೆಲಸ ಮಾಡುತ್ತದೆಯೇ’ ಎಂದು ಕೇಳಿದಂತೆ. ಯಾವ ಮಾತ್ರೆ, ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ? ಔಷಧದ ವಿಷಯದಲ್ಲಿ ಈ ಮೂರನ್ನೂ ಕೇಳದೆ ಒಂದು ಹೆಜ್ಜೆ ಇಡದ ಸಂಶೋಧಕರು ಬಡತನದ ವಿಷಯದಲ್ಲಿ ಒಂದೇ ಪ್ರಯೋಗ ಮಾಡಿ ಕೈ ತೊಳೆದುಕೊಳ್ಳುವುದೇಕೆ?

ಜಾರ್ಖಂಡಿನ ಅಧ್ಯಯನದಿಂದ ಇನ್ನೊಂದು ಅಂಕಿ ಹೊರಬಂತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕವನ್ನು ಶೇಕಡಾ 5ರಷ್ಟು ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆಯಿತ್ತು. ಇದು ಲಾಟರಿ ಎತ್ತಿ ಕಂಡುಕೊಂಡದ್ದಲ್ಲ, ಗಮನಿಸಿ ಕಂಡದ್ದು. ಬೇಗ ಚೇತರಿಸಿಕೊಳ್ಳುವವರ ತೂಕ ತಾನಾಗಿಯೇ ಏರಿರಲೂಬಹುದು. ಅಷ್ಟು ಎಚ್ಚರಿಕೆ ಇಟ್ಟುಕೊಂಡು ಓದಬೇಕು. ಆದರೆ ಈ ಅಂಕಿಯನ್ನು ಪಡೆಯಲು ಹೊಸ ಉಪಕರಣವೇನೂ ಬೇಕಿರಲಿಲ್ಲ. ಕ್ಷಯ ರೋಗಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕವನ್ನು ಕಾರ್ಡಿನಲ್ಲಿ ಬರೆದುಕೊಳ್ಳುವುದು ಮೊದಲಿನಿಂದಲೂ ನಡೆದುಬಂದಿದೆ, ಎಷ್ಟು ಮಾತ್ರೆ ಕೊಡಬೇಕೆಂದು ಲೆಕ್ಕ ಹಾಕುವುದಕ್ಕಾಗಿ.